‘ಇದು ಬೆಂಜಲ್ವಾ ಮಾರಾಯ್ರೆ?’

ಮಲೆನಾಡಿನ ಒಂದು ಸಣ್ಣ ಪೇಟೆಯ ಹೊರಗೆ, ಸಾಮಿಲ್ಲೊಂದರ ಅಂಗಳದಲ್ಲಿ, ಮರದ ದಿಮ್ಮಿಗಳ ಪಕ್ಕ ಒಂದು ಹಳೆಯ ಲಾರಿ ನಿಂತಿತ್ತು. ಈಗಿನ ಲಾರಿಗಳ ಹಾಗೆ ಅದರ ಮುಖ ಚಪ್ಪಟೆಯಾಗಿರಲಿಲ್ಲ. ಬಾನೆಟ್ಟು ಹಂದಿಯ ಮೂತಿಯಂತೆ ಮುಂದಕ್ಕೆ ಚಾಚಿಕೊಂಡಿತ್ತು. ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ನಾನು ಹೊತ್ತು ಹೋಗದೆ ಅದಕ್ಕೊಂದು ಸುತ್ತು ಬಂದೆ. ಎರಡನೆಯ ಸುತ್ತಿಗೆ ಹೊರಡುವಷ್ಟರಲ್ಲಿ ರಸ್ತೆಯ ಆಚೆ ಬದಿಯಿಂದ ಒಬ್ಬ ಮುದುಕರು ಕೊಡೆ ಮಡಚುತ್ತ ದಾಟಿ ಬಂದರು. ಎತ್ತಿನ ಬೆನ್ನು ಸವರುವವರಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನನ್ನ ಮುಖವನ್ನೂ ನೋಡದೆ ಕೇಳಿದರು: ‘ಇದು ಬೆಂಜಲ್ವಾ ಮಾರಾಯ್ರೆ?’

ನಾನು ಲಾರಿಯ ಒಡೆಯನಲ್ಲ, ನನಗೆ ಗೊತ್ತಿಲ್ಲ ಎಂದೆ. ಅದರಿಂದ ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. ಕಾಲು ಗಂಟೆಯೊಳಗೆ ಅಲ್ಲಿ ಐದು ಜನ ಸೇರಿದ್ದೆವು. ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ನನ್ನ ಬಸ್ಸು ಬಂದು ಹೋಯಿತು.

ಹಳೆಯ ಕಾರಿನ ಮುಂದೆ ಹೀಗಾಗುವುದು ಕಡಿಮೆ. ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನು ನೋಡಲು ಹೋದವರು ಕೈಕಟ್ಟಿಕೊಂಡು, ದೇವಸ್ಥಾನದಲ್ಲಿ ನಡೆಯುವ ಹಾಗೆಯೇ ನಡೆಯುತ್ತಾರೆ. ಆ ಕಾರುಗಳು ರಾಜರವು, ಸಾಹುಕಾರರವು. ನಮ್ಮ ಅಜ್ಜ ಅದನ್ನು ದೂರದಿಂದ ನೋಡಿದ್ದರೆ ಹೆಚ್ಚು. ಲಾರಿ ಹಾಗಲ್ಲ. ಅಡಿಕೆ ಮಂಡಿಗೆ ಹೋದದ್ದು ಲಾರಿಯಲ್ಲಿ, ಮದುವೆ ದಿಬ್ಬಣ ಹೊರಟದ್ದು ಲಾರಿಯಲ್ಲಿ, ವರ್ಗವಾದ ಮೇಷ್ಟರ ಮನೆಯ ಸಾಮಾನು ಸಾಗಿದ್ದು ಲಾರಿಯಲ್ಲಿ. ಆದ್ದರಿಂದ ಅದರ ಬಗ್ಗೆ ಬಾಯಿ ಹಾಕುವ ಹಕ್ಕು ಎಲ್ಲರಿಗೂ ಇದೆ, ಅಥವಾ ಎಲ್ಲರೂ ಹಾಗೆಂದುಕೊಂಡಿದ್ದಾರೆ.

ಮುದುಕರ ಪ್ರಶ್ನೆಗೇ ಬರೋಣ. ‘ಬೆಂಜ್’ ಎಂಬ ಆ ಒಂದು ಶಬ್ದ ಲಾರಿಯ ವಯಸ್ಸನ್ನೂ ಹೇಳುತ್ತದೆ, ಕೇಳಿದವರ ವಯಸ್ಸನ್ನೂ ಹೇಳುತ್ತದೆ. 1945ರಲ್ಲಿ ಹುಟ್ಟಿದ ಟೆಲ್ಕೊ ಕಂಪೆನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಹೊರಟಿತು. ಹೆಸರು ಟಾಟಾ ಮರ್ಸಿಡಿಸ್-ಬೆಂಜ್. ಮೂತಿಯ ಮೇಲೆ ಮೂರು ಕಡ್ಡಿಯ ನಕ್ಷತ್ರ. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರ ಇಳಿದು ಟಾಟಾದವರ ‘ಟಿ’ ಬಂತು. ಆದರೆ ನಮ್ಮ ಕಡೆಯ ಡ್ರೈವರುಗಳ ಬಾಯಲ್ಲಿ ಅದು ಎಷ್ಟೋ ವರ್ಷ ಬೆಂಜ್ ಆಗಿಯೇ ಉಳಿಯಿತು. ಕಂಪೆನಿ ತನ್ನ ಹೆಸರು ಬದಲಿಸಬಹುದು, ಊರಿನವರ ನಾಲಗೆಯನ್ನು ಬದಲಿಸಲಾರದು. ಇಂದು ಯಾರಾದರೂ ಟಾಟಾ ಲಾರಿಯನ್ನು ಬೆಂಜ್ ಎಂದರೆ ಅವರು ಅರುವತ್ತರ ಆಚೆಯವರೆಂದು ಧೈರ್ಯವಾಗಿ ಊಹಿಸಬಹುದು.

ಮದ್ರಾಸಿನ ಎಣ್ಣೂರಿನ ಕಥೆ ಇನ್ನೊಂದು. 1948ರಲ್ಲಿ ರಘುನಂದನ್ ಸರಣ್ ಎಂಬವರು ತಮ್ಮ ಮಗನ ಹೆಸರಿನಲ್ಲಿ ಅಶೋಕ್ ಮೋಟರ್ಸ್ ಸ್ಥಾಪಿಸಿ ಆಸ್ಟಿನ್ ಕಾರುಗಳನ್ನು ಜೋಡಿಸತೊಡಗಿದರು. 1950ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಒಪ್ಪಂದವಾಗಿ ‘ಕಾಮೆಟ್’ ಲಾರಿ ಬಂತು. 1955ರಲ್ಲಿ ಕಂಪೆನಿ ಅಶೋಕ್ ಲೇಲ್ಯಾಂಡ್ ಆಯಿತು. ಬೆಂಜ್ ದೊಡ್ಡದೋ ಲೇಲ್ಯಾಂಡ್ ದೊಡ್ಡದೋ ಎಂಬ ವಾದ ಲಾರಿ ಸ್ಟ್ಯಾಂಡುಗಳಲ್ಲಿ ಎರಡು ತಲೆಮಾರು ನಡೆದಿದೆ. ಅದಕ್ಕೆ ತೀರ್ಪು ಕೊಡಲು ನಾನು ತಯಾರಿಲ್ಲ.

ಸಾಮಿಲ್ಲಿನ ಅಂಗಳದಲ್ಲಿ ಜಗಳವಾದದ್ದು ಬೇರೆ ಎರಡು ಹೆಸರುಗಳಿಗೆ. ಅಲ್ಲಿದ್ದ ಒಬ್ಬರು, ತಮ್ಮೂರಿನ ಮೊದಲ ಲಾರಿ ಫಾರ್ಗೊ ಎಂದರು. ಅವರ ಪಕ್ಕದ ಹಳ್ಳಿಯ ಇನ್ನೊಬ್ಬರು, ಆ ಲಾರಿ ನನಗೂ ಗೊತ್ತು, ಅದು ಡಾಡ್ಜ್ ಎಂದರು. ಇಬ್ಬರ ಸ್ವರವೂ ಏರಿತು. ತಮಾಷೆಯೆಂದರೆ ಇಬ್ಬರಿಗೂ ಸೋಲಾಗುವಂತಿರಲಿಲ್ಲ. ಎರಡೂ ಅಮೆರಿಕದ ಕ್ರೈಸ್ಲರ್ ಕಂಪೆನಿಯ ಹೆಸರುಗಳೇ. ಹೆಚ್ಚುಕಡಿಮೆ ಒಂದೇ ಲಾರಿಗೆ ಎರಡು ಹಣೆಪಟ್ಟಿ. ನಮ್ಮಲ್ಲಿ ಅವುಗಳನ್ನು ತಯಾರಿಸುತ್ತಿದ್ದುದು ಬೊಂಬಾಯಿಯ ಪ್ರೀಮಿಯರ್ ಆಟೋಮೊಬೈಲ್ಸ್. ಅದನ್ನು 1944ರಲ್ಲಿ ಕಟ್ಟಿದ ವಾಲ್‌ಚಂದ್ ಹೀರಾಚಂದರೇ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರು. ಮೋಟಾರು ಕಾರ್ಖಾನೆಯೊಂದು ಈ ದೇಶಕ್ಕೆ ಬೇಕೆಂದು 1930ರ ದಶಕದಲ್ಲೇ ಓಡಾಡಿ ಯೋಜನೆ ಹಾಕಿದ ನಮ್ಮ ವಿಶ್ವೇಶ್ವರಯ್ಯನವರಿಗೆ ಆಗಿನ ಸರಕಾರ ಸೊಪ್ಪು ಹಾಕಲಿಲ್ಲ.

ಅಂಥ ಲಾರಿಗಳ ವಯಸ್ಸು ಗುರುತಿಸಲು ಒಂದು ಸುಲಭದ ದಾರಿಯಿದೆ. ಫೋರ್ಡ್ ಅಥವಾ ಷೆವರ್ಲೆ ಎಂದು ಬರೆದ ಹಳೆಯ ಲಾರಿ ಕಂಡರೆ ಅದು ಬಹುಮಟ್ಟಿಗೆ 1950ರ ದಶಕದ ನಡುವಿಗಿಂತ ಹಿಂದಿನದು. ಜನರಲ್ ಮೋಟರ್ಸ್ 1928ರಿಂದ ಬೊಂಬಾಯಿಯಲ್ಲಿ ಬಿಡಿಭಾಗ ತಂದು ಜೋಡಿಸುತ್ತಿತ್ತು; ಫೋರ್ಡ್ ಕೂಡ ಹಾಗೆಯೇ. 1953ರಲ್ಲಿ ಸುಂಕ ಆಯೋಗದ ಶಿಫಾರಸು ಬಂದು, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದ ಕಂಪೆನಿಗಳಿಗೆ ಜಾಗವಿಲ್ಲವೆಂದಾದಾಗ ಎರಡೂ ಗಂಟುಮೂಟೆ ಕಟ್ಟಿದವು. ಅದಕ್ಕೂ ಮೊದಲು, ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಲಾರಿಗಳು ಹರಾಜಿಗೆ ಬಂದಿದ್ದವು. ‘ಡಿಸ್ಪೋಸಲ್ ಗಾಡಿ’ ಎಂದು ಹಿರಿಯರು ಹೇಳುವುದು ಇವುಗಳನ್ನೇ. ನಮ್ಮ ಕಡೆ ಲಾರಿ ಸಾಹುಕಾರರೆನಿಸಿಕೊಂಡ ಎಷ್ಟೋ ಮನೆತನಗಳ ಮೂಲ ಅಂಥ ಒಂದು ಗಾಡಿಯಲ್ಲಿದೆ.

ಮುದುಕರಿಗೆ ಈ ಚರಿತ್ರೆಯಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. ಅವರು ಬಗ್ಗಿ ಇಂಜಿನ್ನಿನ ಬದಿಯನ್ನು ನೋಡುತ್ತಿದ್ದರು. ‘ಪಂಪು ಮೈಕೋದ್ದೇ’ ಎಂದರು, ಹಳೆಯ ಗೆಳೆಯನನ್ನು ಗುರುತಿಸಿದವರಂತೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಅದರೊಳಕ್ಕೆ ಸರಿಯಾದ ಕ್ಷಣದಲ್ಲಿ ಸರಿಯಾದಷ್ಟು ಡೀಸೆಲ್ಲನ್ನು ಚಿಮ್ಮಬೇಕು. ಆ ಅಳತೆಯ ಕೆಲಸ ಈ ಪಂಪಿನದು. 1951ರಲ್ಲಿ ಜರ್ಮನಿಯ ಬಾಷ್ ಸಹಯೋಗದಿಂದ ಹುಟ್ಟಿದ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಇವನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು. 2008ರಲ್ಲಿ ಅದೂ ಹೆಸರು ಬದಲಿಸಿಕೊಂಡು ಬಾಷ್ ಆಗಿದೆ. ಹೀಗಾಗಿ ಜಮ್ಶೆಡ್‌ಪುರದ ಲಾರಿಯೊಳಗೂ ಸ್ವಲ್ಪ ಕರ್ನಾಟಕವಿತ್ತು.

ಆಮೇಲೆ ತಿಳಿಯಿತು, ಅವರು ಡ್ರೈವರಾಗಿದ್ದವರು. ಅದಕ್ಕೂ ಮೊದಲು ಆರು ವರ್ಷ ಕ್ಲೀನರು. ಆ ಆರು ವರ್ಷದಲ್ಲಿ ಮಾಡಿದ್ದೇನೆಂದು ಕೇಳಿದೆ. ‘ಕಲ್ಲು ಕೊಟ್ಟೆ’ ಎಂದರು. ಘಾಟಿಯಲ್ಲಿ ಲಾರಿ ಏರಲಾರದೆ ನಿಂತಾಗ ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಕಲ್ಲು ಇಡುವುದು ಕ್ಲೀನರನ ಕೆಲಸ. ಮಂಗಳೂರಿನ ಹೆಂಚಿನ ಕಾರ್ಖಾನೆಗಳಿಗೆ ಸೌದೆ ಹೊತ್ತು ಇಳಿಯುವಾಗ, ಬರಿದಾಗಿ ಹತ್ತುವಾಗ, ಆಗುಂಬೆಯ 14 ತಿರುವುಗಳಲ್ಲಿ ಯಾವ ಕಲ್ಲು ಎಲ್ಲಿದೆಯೆಂದು ಅವರಿಗೆ ಬಾಯಿಪಾಠವಿತ್ತಂತೆ.

ಡ್ರೈವಿಂಗ್ ಕಲಿಯುವುದೆಂದರೆ ಆಗ ಮುಖ್ಯವಾಗಿ ಡಬಲ್ ಕ್ಲಚ್ ಕಲಿಯುವುದು. ಈಗಿನ ವಾಹನಗಳ ಗೇರುಪೆಟ್ಟಿಗೆಯಲ್ಲಿ, ಕೂಡಬೇಕಾದ ಎರಡು ಹಲ್ಲುಚಕ್ರಗಳ ವೇಗವನ್ನು ಸರಿಹೊಂದಿಸುವ ಏರ್ಪಾಡು ಇರುತ್ತದೆ. ಹಳೆಯವುಗಳಲ್ಲಿ ಅದಿರಲಿಲ್ಲ, ಆ ಹೊಂದಾಣಿಕೆಯನ್ನು ಡ್ರೈವರನ ಕಾಲು ಮತ್ತು ಕಿವಿ ಮಾಡಬೇಕು. ಕೆಳಗಿನ ಗೇರಿಗೆ ಬರಬೇಕಾದರೆ ಒಮ್ಮೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತರಬೇಕು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತಿ ಇಂಜಿನ್ನಿನ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಇಷ್ಟೂ ಒಂದೆರಡು ಕ್ಷಣದಲ್ಲಿ, ತುಂಬಿದ ಲಾರಿ ತಿರುವಿನಲ್ಲಿ ತೆವಳುತ್ತಿರುವಾಗ. ಸ್ವಲ್ಪ ತಪ್ಪಿದರೆ ಗೇರು ಕಿರುಚುತ್ತದೆ, ಪಕ್ಕದಲ್ಲಿ ಕೂತ ಗುರು ಅದಕ್ಕಿಂತ ಜೋರಾಗಿ ಕಿರುಚುತ್ತಾನೆ.

ಹೊಸ ಲಾರಿ ಊರಿಗೆ ಬರುತ್ತಿದ್ದ ರೀತಿಯನ್ನೂ ಅವರೇ ಹೇಳಿದರು. ಕಾರ್ಖಾನೆಯಿಂದ ಹೊರಡುವಾಗ ಅದಕ್ಕೆ ಮೈಯೇ ಇರುತ್ತಿರಲಿಲ್ಲ. ಬರಿಯ ಚಾಸಿ, ಇಂಜಿನ್ನು ಮತ್ತು ಮುಂದಿನ ತಗಡು. ಡ್ರೈವರು ಮರದ ಪೆಟ್ಟಿಗೆಯೊಂದರ ಮೇಲೆ ಕೂತು, ತಲೆಗೆ ಮಫ್ಲರ್ ಸುತ್ತಿ, ಬಿಸಿಲು ಮಳೆಯಲ್ಲಿ ಜಮ್ಶೆಡ್‌ಪುರದಿಂದ 1500 ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿಕೊಂಡು ಬರಬೇಕು. ಆಮೇಲೆ ಊರ ಬಡಗಿ ಕ್ಯಾಬಿನ್ನು, ತೊಟ್ಟಿ ಕಟ್ಟುತ್ತಿದ್ದ. ಪೇಂಟರು ಹಣೆಯ ಮೇಲೆ ‘ಶ್ರೀ ಮಂಜುನಾಥ ಪ್ರಸನ್ನ’ ಎಂದು ಬರೆಯುತ್ತಿದ್ದ. ಆದುದರಿಂದಲೇ ಒಂದೇ ಮಾಡೆಲ್ಲಿನ ಎರಡು ಹಳೆಯ ಲಾರಿಗಳು ಒಂದೇ ತರ ಇರುವುದಿಲ್ಲ. ಬಲ್ಲವರು ಕಿಟಕಿಯ ಕಮಾನು ನೋಡಿ ಇದು ಇಂಥ ಊರಿನ ಕೆಲಸವೆಂದು ಹೇಳಬಲ್ಲರು. ಆ ಬಡಗಿಗಳ ಹೆಸರು ಮಾತ್ರ ಯಾವ ಆರ್‌ಸಿ ಪುಸ್ತಕದಲ್ಲೂ ಇಲ್ಲ. ಇಂಥ ಮುದುಕರ ಮಾತಿನಲ್ಲಿ ಇದ್ದರೆ ಉಂಟು.

ಇಂಗ್ಲೆಂಡಿನಲ್ಲಿ ಈ ಮಾತುಕತೆಗೆಂದೇ ಒಂದು ದಿನವಿದೆ ಎನ್ನಬಹುದು. 1962ರಲ್ಲಿ ಶುರುವಾದ ಹಳೆಯ ಲಾರಿ ಬಸ್ಸುಗಳ ಓಟವೊಂದು ಮೇ ತಿಂಗಳಲ್ಲಿ ಲಂಡನ್ನಿನಿಂದ ಬ್ರೈಟನ್ನಿನ ಸಮುದ್ರತೀರದವರೆಗೆ ನಡೆಯುತ್ತದೆ. ಅಲ್ಲಿ ಲಾರಿಗಳನ್ನು ಸಾಲಾಗಿ ನಿಲ್ಲಿಸಿದ ಮೇಲೆ, ಪರಿಚಯವಿಲ್ಲದವರೊಡನೆ ಹವಾಮಾನ ಬಿಟ್ಟು ಬೇರೇನೂ ಮಾತಾಡದವರೆಂದು ಹೆಸರಾದ ಇಂಗ್ಲಿಷರು ಪಿಸ್ಟನ್ನಿನ ವಿಷಯ ಮಾತಾಡುತ್ತಾರೆ. ಅಮೆರಿಕದಲ್ಲಿ 1971ರಿಂದ ಲಾರಿಗಳ ಚರಿತ್ರೆಗಾಗಿಯೇ ಒಂದು ಸಂಘವಿದೆ.

ನಮ್ಮ ಕಾನೂನಿಗೆ ಲಾರಿಯ ಮೇಲೆ ಅಷ್ಟು ಪ್ರೀತಿಯಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗೆ ನಿಯಮ ಮಾಡಿತು: 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಕ್ಕೆ ‘ವಿಎ’ ಅಕ್ಷರಗಳ ವಿಶೇಷ ನೋಂದಣಿ. ಆದರೆ ಅದು ದ್ವಿಚಕ್ರಗಳಿಗೆ ಮತ್ತು ಸ್ವಂತ ಬಳಕೆಯ ಕಾರುಗಳಿಗೆ. ಸರಕು ಹೊತ್ತು ಬದುಕಿದ ವಾಹನಕ್ಕೆ ಅದರಲ್ಲಿ ಜಾಗವಿಲ್ಲ. ಲಾರಿ ಎಷ್ಟೇ ಹಳೆಯದಾದರೂ ವರ್ಷ ವರ್ಷವೂ ಫಿಟ್ನೆಸ್ ಪರೀಕ್ಷೆಗೆ ನಿಲ್ಲಬೇಕು, 15 ವರ್ಷ ದಾಟಿದ ಮೇಲೆ ಅದಕ್ಕೆ ದುಬಾರಿ ಶುಲ್ಕ ಕೊಡಬೇಕು. ದುಡಿಯದ ಲಾರಿಗೆ ಇದನ್ನು ಯಾರು ಕಟ್ಟುತ್ತಾರೆ? ಹೊಗೆಯುಗುಳುವ ಹಳೆಯ ಗಾಡಿಗಳು ರಸ್ತೆ ಬಿಡಬೇಕೆಂಬುದು ನ್ಯಾಯವೇ. ಜಾತ್ರೆಗೊಮ್ಮೆ ಹೊರಗೆ ಬರುವ ಭಾಗ್ಯವನ್ನು ಕಾರಿಗೆ ಕೊಟ್ಟು ಲಾರಿಗೆ ಕೊಡದಿರುವುದು ಏಕೆಂದು ಮಾತ್ರ ನನಗೆ ಅರ್ಥವಾಗಿಲ್ಲ.

ಅಷ್ಟರಲ್ಲಿ ಸಾಮಿಲ್ಲಿನ ಯಜಮಾನರು ಹೊರಗೆ ಬಂದರು. ಗುಂಪು ಕಂಡು ಅವರ ಮುಖ ಗಂಟಾಗಿತ್ತು, ಗುಜರಿಯವರೆಂದು ತಿಳಿದರಂತೆ. ಹಳೆಯ ಲಾರಿಯ ಒಡೆಯರ ಬಳಿ ‘ಮಾರ್ತೀರಾ’ ಎಂದು ಮಾತು ಶುರುಮಾಡಬಾರದು ಎನ್ನುವುದಕ್ಕೆ ಕಾರಣ ಅದೇ. ಗುಜರಿಯವರು ಆಗಲೇ ಎರಡು ಸಲ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದರು. ಲಾರಿ ಅವರ ತಂದೆಯದು. ಮಳೆಗಾಲ ಕಳೆದ ಮೇಲೆ ಕೊಡುವುದೆಂದು ತೀರ್ಮಾನವಾಗಿತ್ತು.

ಮುದುಕರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಒಂದ್ಸಲ ಹತ್ಲಾ?’ ಎಂದು ಕೇಳಿದರು. ಯಜಮಾನರು ತಲೆಯಾಡಿಸಿದರು. ಇಬ್ಬರು ಕೈಕೊಟ್ಟು ಹತ್ತಿಸಬೇಕಾಯಿತು. ಸೀಟಿನ ಸ್ಪ್ರಿಂಗು ಹೊರಗೆ ಬಂದಿತ್ತು, ಅವರು ಕೊಡೆಯನ್ನು ಅಡ್ಡ ಇಟ್ಟು ಅದರ ಮೇಲೆ ಕೂತರು. ಇಂಜಿನ್ನಿಗೆ ಜೀವವಿಲ್ಲ, ಬ್ಯಾಟರಿಯೇ ಇಲ್ಲ. ಆದರೂ ಗೇರು ಬದಲಿಸುವಾಗ ಅವರ ಎಡಗಾಲು ಎರಡು ಸಲ ಇಳಿದು ಎದ್ದದ್ದನ್ನು ನಾನು ಕೆಳಗಿನಿಂದ ನೋಡಿದೆ.

ಇಳಿದ ಮೇಲೆ, ಕೊಡುವುದಾದರೆ ಬಾನೆಟ್ಟೊಂದನ್ನಾದರೂ ಬಿಚ್ಚಿಡಿ ಎಂದರು. ಯಜಮಾನರು, ನೋಡೋಣ, ಅಷ್ಟು ದೊಡ್ಡದನ್ನು ಎಲ್ಲಿಡುವುದು ಎಂದರು.