ಮೊದಲು ಬಂದ ಉದ್ದಿಮೆಗೆ ರಕ್ಷಣೆ: ಬ್ರಿಸ್ಬೇನ್ ನಗರದ ಸಂಗೀತ ವಲಯ

ಉದ್ದಿಮೆಯೊಂದು ಮೊದಲು ನೆಲೆಗೊಳ್ಳುತ್ತದೆ. ಅದರಿಂದ ಪ್ರದೇಶಕ್ಕೆ ಜನಸಂಚಾರ ಬರುತ್ತದೆ, ನಿವೇಶನಗಳ ಬೆಲೆ ಏರುತ್ತದೆ, ಪಕ್ಕದಲ್ಲಿ ವಸತಿ ಕಟ್ಟಡಗಳು ಏಳುತ್ತವೆ. ಅನಂತರ ಬಂದ ನಿವಾಸಿಗಳು ಸದ್ದಿನ ಬಗ್ಗೆ ದೂರು ನೀಡಿದಾಗ ಹಳೆಯ ಉದ್ದಿಮೆಯೇ ಬಾಗಿಲು ಮುಚ್ಚಬೇಕಾದ ಪ್ರಸಂಗ ಒದಗುತ್ತದೆ. ಈ ಸಮಸ್ಯೆಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರವು 2006ರಲ್ಲಿ ಕಂಡುಕೊಂಡ ಪರಿಹಾರವು ವರ್ತಕರೂ ಸಣ್ಣ ಉದ್ದಿಮೆದಾರರೂ ಅರಿಯಬೇಕಾದುದಾಗಿದೆ.

ಹಿನ್ನೆಲೆ

ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಜಧಾನಿಯಾದ ಬ್ರಿಸ್ಬೇನ್ ಉಪೋಷ್ಣವಲಯದ ನಗರ. ಅಲ್ಲಿ ಚಳಿಗಾಲವೂ ಸೌಮ್ಯವಾಗಿರುವುದರಿಂದ ಸಂಜೆಯ ವ್ಯಾಪಾರ ವರ್ಷವಿಡೀ ನಡೆಯುತ್ತದೆ. ಅದರ ಕೇಂದ್ರವಾದ ಫಾರ್ಟಿಟ್ಯೂಡ್ ವ್ಯಾಲಿ ಒಂದು ಕಾಲಕ್ಕೆ ಮ್ಯಾಕ್‌ವರ್ಟರ್ಸ್‌ನಂತಹ ಬೃಹತ್ ಮಳಿಗೆಗಳಿದ್ದ ಪೇಟೆ. ಉಪನಗರಗಳಲ್ಲಿ ಶಾಪಿಂಗ್ ಕೇಂದ್ರಗಳು ತೆರೆದ ಮೇಲೆ ಇಲ್ಲಿನ ವ್ಯಾಪಾರ ಕುಸಿಯಿತು. ಬಾಡಿಗೆ ಅಗ್ಗವಾದ ಕಟ್ಟಡಗಳಿಗೆ ಬಾರ್‌ಗಳೂ ಸಂಗೀತ ಸಭಾಂಗಣಗಳೂ ಬಂದವು. 1917ರಲ್ಲಿ ಬೇಕರಿಯಾಗಿ ಕಟ್ಟಿದ ಕಟ್ಟಡ ಇಂದು ‘ಟಿವೊಲಿ’ ಎಂಬ ರಂಗಮಂದಿರ. 1992ರಲ್ಲಿ ‘ದಿ ಝೂ’ ಎಂಬ ಸಭಾಂಗಣ ಆರಂಭವಾಯಿತು. ಪೌಡರ್‌ಫಿಂಗರ್‌ನಂತಹ ಸ್ಥಳೀಯ ವಾದ್ಯವೃಂದಗಳು ದೇಶಾದ್ಯಂತ ಹೆಸರಾದವು. ಪೇಟೆಗೆ ಕಳೆ ಮರಳಿದೊಡನೆ ವಸತಿ ಸಮುಚ್ಚಯಗಳೂ ಬಂದವು; ಅವುಗಳ ಹಿಂದೆಯೇ ದೂರುಗಳೂ ಬಂದವು.

2006ರ ವ್ಯವಸ್ಥೆ

ನಗರಾಡಳಿತವು ಈ ಪ್ರದೇಶವನ್ನು ‘ವಿಶೇಷ ಮನರಂಜನಾ ವಲಯ’ವೆಂದು ಘೋಷಿಸಿತು. ಆಸ್ಟ್ರೇಲಿಯಾದಲ್ಲಿ ಇದೇ ಮೊದಲ ಇಂತಹ ವಲಯ. ಧ್ವನಿವರ್ಧಕ ಬಳಸುವ ಸಂಗೀತದ ಸದ್ದಿನ ನಿಯಂತ್ರಣವು ರಾಜ್ಯದ ಮದ್ಯ ಪರವಾನಗಿ ವ್ಯವಸ್ಥೆಯಿಂದ ನಗರಾಡಳಿತಕ್ಕೆ ವರ್ಗಾವಣೆಯಾಯಿತು.

ವ್ಯವಸ್ಥೆಗೆ ಎರಡು ಮುಖಗಳಿವೆ. ಮೊದಲನೆಯದಾಗಿ, ಸಂಗೀತ ಸ್ಥಳಗಳು ಅನುಮತಿ ಪತ್ರ ಪಡೆದು, ನಿಗದಿಪಡಿಸಿದ ಶಬ್ದ ಮಿತಿಯೊಳಗೆ ನಡೆಯಬೇಕು. ಎರಡನೆಯದಾಗಿ, ವಲಯದಲ್ಲಿ ಹೊಸ ಮನೆ ಕಟ್ಟುವವರು ಶಬ್ದನಿರೋಧಕ ಗೋಡೆ, ಕಿಟಕಿಗಳ ವೆಚ್ಚವನ್ನು ತಾವೇ ಭರಿಸಬೇಕು. ಸಾಮಾನ್ಯ ಗಾಜು ಮಾತಿನ ಸದ್ದನ್ನು ತಕ್ಕಮಟ್ಟಿಗೆ ತಡೆದರೂ ಡ್ರಮ್ ಮತ್ತು ಬಾಸ್ ವಾದ್ಯಗಳ ತಗ್ಗುಸ್ವರವನ್ನು ಅಷ್ಟು ತಡೆಯಲಾರದು. ಆದುದರಿಂದ ನಿರೋಧಕತೆಯನ್ನು ತಗ್ಗುಸ್ವರದ ಮಟ್ಟದಲ್ಲಿಯೇ ಅಳೆಯಲಾಗುತ್ತದೆ.

ಬದಲಾವಣೆ ತಂದವರೇ ಅದರ ವೆಚ್ಚ ಹೊರಬೇಕೆಂಬುದು ಇದರ ತಿರುಳು. ಸಂಗೀತಗೃಹದ ಪಕ್ಕದಲ್ಲಿ ಮನೆ ಬಂದರೆ ಹೊಣೆ ಮನೆ ಕಟ್ಟಿದವರದು. ಮನೆಯ ಪಕ್ಕಕ್ಕೆ ಸಂಗೀತಗೃಹ ಬಂದರೆ ಹೊಣೆ ಸಂಗೀತಗೃಹದ್ದು. ವಿಕ್ಟೋರಿಯಾ ರಾಜ್ಯವು 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಈ ತತ್ತ್ವವನ್ನು ತಮ್ಮ ಯೋಜನಾ ನೀತಿಗೆ ಅಳವಡಿಸಿಕೊಂಡವು.

ಲೆಕ್ಕಪತ್ರದ ಇನ್ನೊಂದು ಪುಟ

ಕಾನೂನಿನ ರಕ್ಷಣೆ ಲಾಭದ ಭರವಸೆಯಲ್ಲ. 2024ರ ಜುಲೈನಲ್ಲಿ ‘ದಿ ಝೂ’ 32 ವರ್ಷಗಳ ಬಳಿಕ ಮುಚ್ಚಿತು. ಟಿಕೆಟ್‌ಗಳು ಮಾರಾಟವಾಗುತ್ತಿದ್ದರೂ ವೆಚ್ಚ ಏರಿ, ಬಾರ್‌ನ ವ್ಯಾಪಾರ ತಗ್ಗಿತ್ತು. ಇಂತಹ ಉದ್ದಿಮೆಯಲ್ಲಿ ಟಿಕೆಟ್ ಹಣದ ಬಹುಭಾಗ ಕಲಾವಿದರಿಗೂ ಆಯೋಜಕರಿಗೂ ಸಲ್ಲುತ್ತದೆ. ಬಾಡಿಗೆ, ವಿಮೆ, ವೇತನಗಳನ್ನು ಪಾನೀಯದ ಮಾರಾಟವೇ ತೂಗಿಸಬೇಕು. ಗಿರಾಕಿ ತುಂಬಿದ್ದರೂ ಗಲ್ಲಾಪೆಟ್ಟಿಗೆ ತುಂಬದಿರುವುದು ಹೀಗೆ. ಉಪ ಆದಾಯವೊಂದನ್ನೇ ನಂಬಿ ಸ್ಥಿರ ವೆಚ್ಚ ಹೊತ್ತ ಯಾವ ಉದ್ದಿಮೆಗೂ ಇದು ಎಚ್ಚರಿಕೆ.

ನಮ್ಮ ಉದ್ದಿಮೆದಾರರಿಗೆ

ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ಪ್ರದೇಶದ ವರ್ಗವನ್ನು ಆಧರಿಸಿವೆ. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ವಸತಿ ಪ್ರದೇಶಕ್ಕೆ 55 ಮತ್ತು 45. ಈ ಮಿತಿಗಳನ್ನು ನಿಗದಿಪಡಿಸುವಾಗ ಯಾರು ಮೊದಲು ಬಂದರೆಂಬುದನ್ನು ಪರಿಗಣಿಸಿಲ್ಲ. ಆದಕಾರಣ ಪ್ರದೇಶದ ವರ್ಗ ಬದಲಾದರೆ ಕಾರ್ಖಾನೆಯ ಮಿತಿಯೂ ಬದಲಾಗುತ್ತದೆ.

ನಗರದ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕಾಲಾವಕಾಶವಿರುತ್ತದೆ. ತಮ್ಮ ನಿವೇಶನವೂ ಅಕ್ಕಪಕ್ಕದ ಜಮೀನೂ ಯಾವ ವಲಯಕ್ಕೆ ಸೇರಿವೆಯೆಂದು ಉದ್ದಿಮೆದಾರರು ಆಗಲೇ ಪರಿಶೀಲಿಸಿ, ಸಂಘದ ಮೂಲಕ ಲಿಖಿತವಾಗಿ ತಮ್ಮ ಅಹವಾಲು ಸಲ್ಲಿಸುವುದು ಒಳಿತು. ಉದ್ದಿಮೆ ಆರಂಭವಾದ ದಿನದ ದಾಖಲೆಗಳನ್ನೂ ಪರವಾನಗಿಗಳನ್ನೂ ಜೋಪಾನವಾಗಿಡಬೇಕು. ಬ್ರಿಸ್ಬೇನ್‌ನಲ್ಲಿ ನಿಯಮ ಬದಲಾದದ್ದು ದೂರುಗಳು ಬಂದ ಮೇಲೆ. ನಮ್ಮಲ್ಲಿ ದೂರು ಬರುವ ಮೊದಲೇ ಎಚ್ಚೆತ್ತುಕೊಳ್ಳಲು ಅವಕಾಶವಿದೆ.