ಸೂಪರ್‌ಚಾರ್ಜರ್ ಕಾರಿಗೆ ತಣ್ಣನೆ ಗಾಳಿ: ಹಾಕಿದರೆ ಲಾಭ ಉಂಟೇ?

ಅಡಿಕೆ ತೋಟದವನಿಗೆ ಸ್ಪೋರ್ಟ್ಸ್ ಕಾರಿನ ಉಸಾಬರಿ ಎಂತಕ್ಕೆ ಎಂದು ಕೇಳಬೇಡಿ. ಗಾಳಿ, ನೀರು, ಪೈಪು ಈ ಮೂರರ ಲೆಕ್ಕ ಪಂಪ್ ನಡೆಸುವವರಿಗೆ ಹೊಸತಲ್ಲ. ಅದೂ ಅಲ್ಲದೆ ಇದೇ ವಿಚಾರದಲ್ಲಿ ನಾನೊಮ್ಮೆ ಕೈ ಸುಟ್ಟುಕೊಂಡವನು. ಅದನ್ನು ಆಮೇಲೆ ಹೇಳುತ್ತೇನೆ.

2023ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ಮನೆಯವಳು ಅಮೆರಿಕಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಟೆಕ್ಸಾಸಿನ ಡಲ್ಲಾಸ್ ಹತ್ತಿರ. ಎರಡು ತಿಂಗಳು ಕೆಲಸವಿಲ್ಲದೆ ಕೂರುವುದೆಂದರೆ ನಮ್ಮಂಥವರಿಗೆ ಶಿಕ್ಷೆಯೇ. ಪುಣ್ಯಕ್ಕೆ ತಂಗಿಯ ಮಗ ಅಲ್ಲೇ ಸಮೀಪ ಇದ್ದಾನೆ. ಅವನ ಹತ್ತಿರ 2005ರ ಮಿನಿ ಕೂಪರ್ ಎಸ್ ಎಂಬ ಪುಟ್ಟ ಕಾರು ಉಂಟು. ಇಂಜಿನ್ 1.6 ಲೀಟರ್ ಮಾತ್ರ, ಆದರೆ ಈಟನ್ ಕಂಪನಿಯ ಸೂಪರ್‌ಚಾರ್ಜರ್ ಇರುವುದರಿಂದ 170ರ ಆಸುಪಾಸು ಹಾರ್ಸ್‌ಪವರ್.

“ಮಾವ, ಇದಕ್ಕೆ ಕೋಲ್ಡ್ ಏರ್ ಇಂಟೇಕ್ ಹಾಕಿದ್ರೆ ಹದಿನೈದು ಹಾರ್ಸ್‌ಪವರ್ ಜಾಸ್ತಿ ಸಿಗ್ತದಂತೆ. ಮುನ್ನೂರು ಡಾಲರ್. ಹಾಕ್ಲಾ?” ಅಂತ ಕೇಳಿದ.

“ದುಡ್ಡು ಕೊಟ್ಟಾಯ್ತಾ?”

“ಇಲ್ಲ, ಫ್ರೆಂಡ್ ಒಬ್ಬ ತನ್ನದನ್ನು ನೋಡ್ಲಿಕ್ಕೆ ಕೊಟ್ಟಿದ್ದಾನೆ.”

“ಹಾಗಾದ್ರೆ ಹಾಕುವ ಮೊದಲು ಅಳೆದು ನೋಡುವ, ಮಾರಾಯ.”

ಕೋಲ್ಡ್ ಏರ್ ಇಂಟೇಕ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಕಂಪನಿಯ ಏರ್‌ಕ್ಲೀನರ್ ಡಬ್ಬ ತೆಗೆದು, ಅಗಲದ ನುಣುಪು ಪೈಪು ಹಾಕಿ, ತುದಿಗೆ ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯ ಕೋನಾಕಾರದ ಫಿಲ್ಟರ್ ಸಿಕ್ಕಿಸುವುದು. ಸುತ್ತ ಒಂದು ತಗಡಿನ ಅಡ್ಡ. ಗಾಳಿ ಸಲೀಸಾಗಿ ಬರುತ್ತದೆ, ತಣ್ಣಗೆ ಬರುತ್ತದೆ ಎಂಬುದು ಮಾರುವವರ ಮಾತು.

ಬ್ಲೋವರ್ ಏನು ಮಾಡುತ್ತದೆ

ಸೂಪರ್‌ಚಾರ್ಜರ್ ಎಂದರೆ ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಗಾಳಿಯ ಪಂಪು. ಈ ಕಾರಿನಲ್ಲಿರುವುದು ರೂಟ್ಸ್ ಜಾತಿಯದ್ದು. ಒಂದಕ್ಕೊಂದು ಹೆಣೆದುಕೊಂಡು ತಿರುಗುವ ಎರಡು ರೋಟರ್‌ಗಳು ಗಾಳಿಯನ್ನು ಬಾಚಿ ಆಚೆ ತಳ್ಳುತ್ತವೆ. ಅಮೆರಿಕದ ಇಂಡಿಯಾನಾದಲ್ಲಿ ಉಣ್ಣೆಯ ಮಿಲ್ಲು ನಡೆಸುತ್ತಿದ್ದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆಗ ಕಾರು ಎಲ್ಲಿತ್ತು? ಮರ್ಸಿಡಿಸ್ ಕಾರುಗಳಿಗೆ ಸೂಪರ್‌ಚಾರ್ಜರ್ ಬಂದದ್ದು 1921ರ ಹೊತ್ತಿಗೆ.

ನಮ್ಮ ಹುಡುಗನ ಕಾರಿನ ಬ್ಲೋವರ್ ಒಂದು ಸುತ್ತಿಗೆ 45 ಘನ ಇಂಚು, ಅಂದರೆ ಮುಕ್ಕಾಲು ಲೀಟರಿಗೆ ತುಸು ಕಮ್ಮಿ ಗಾಳಿ ದಾಟಿಸುತ್ತದೆ. ಇಂಜಿನ್ ಒಂದು ಸುತ್ತು ಬರುವಾಗ ಅದು ಸುಮಾರು ಎರಡು ಸುತ್ತು. ಹಾಗಾಗಿ ಹತ್ತಿರ ಹತ್ತಿರ ಒಂದೂವರೆ ಲೀಟರ್. ಇಂಜಿನ್ ತಾನಾಗಿ ಒಂದು ಸುತ್ತಿಗೆ ಎಳೆಯುವುದು 0.8 ಲೀಟರ್ ಮಾತ್ರ. ಜಾಗ ಸಾಲದ ಗಾಳಿ ಒತ್ತಿಕೊಂಡು ಕೂರುತ್ತದೆ. ಗಾಳಿ ಹೆಚ್ಚಾದಷ್ಟು ಪೆಟ್ರೋಲು ಹೆಚ್ಚು ಸುಡಬಹುದು. ಪವರ್ ಬರುವುದು ಹಾಗೆ.

ಮುಖ್ಯ ಮಾತು ಇಲ್ಲಿದೆ. ಬ್ಲೋವರ್ ಅಳೆಯುವುದು ಸೇರಿನ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಿ ಅಲ್ಲ. ಒಂದೇ ಸೇರಿನಲ್ಲಿ ಒಣ ಭತ್ತ ಅಳೆದರೂ ಜಳ್ಳು ಅಳೆದರೂ ಸೇರು ತುಂಬುತ್ತದೆ, ತೂಕ ಬೇರೆ. ಹಾಗೆಯೇ ಬ್ಲೋವರಿನ ಬಾಯಿಗೆ ಬರುವ ಗಾಳಿ ಬಿಸಿಯಾಗಿದ್ದರೆ, ಅಥವಾ ಫಿಲ್ಟರ್ ಕಟ್ಟಿಕೊಂಡು ತೆಳುವಾಗಿದ್ದರೆ, ತೂಕ ಕಮ್ಮಿ. ಟರ್ಬೋ ಆದರೆ ನಿಗದಿತ ಒತ್ತಡ ಬರುವವರೆಗೆ ಇನ್ನಷ್ಟು ಜೋರಾಗಿ ತಿರುಗಿ ಸರಿದೂಗಿಸಿಕೊಳ್ಳುತ್ತದೆ. ಬೆಲ್ಟಿನ ಬ್ಲೋವರಿಗೆ ಆ ಸ್ವಾತಂತ್ರ್ಯ ಇಲ್ಲ. ಆದ್ದರಿಂದ ಮಾರುವವರ ಮಾತು ಪೂರಾ ಸುಳ್ಳಲ್ಲ. ಪ್ರಶ್ನೆ, ಎಷ್ಟು?

ಮೇಸ್ತ್ರಿಯ ಲೆವೆಲ್ ಪೈಪು

ಬಾವಿಗೆ ಪಂಪು ಇಟ್ಟವರಿಗೆಲ್ಲ ಗೊತ್ತು: ಮೇಲಿಟ್ಟ ಪಂಪು ನೀರನ್ನು 10.3 ಮೀಟರಿಗಿಂತ ಹೆಚ್ಚು ಎಳೆಯಲಾರದು, ನಿಜದಲ್ಲಿ ಆರೇಳು ಮೀಟರಿಗೇ ಸುಸ್ತು. ಏಕೆಂದರೆ ವಾತಾವರಣದ ಒತ್ತಡ 10.3 ಮೀಟರ್ ನೀರಿನ ಭಾರಕ್ಕೆ ಸಮ. ಅದೇ ಲೆಕ್ಕ ಇಲ್ಲಿಗೂ ಆಗುತ್ತದೆ. ಫಿಲ್ಟರಿನಲ್ಲಿ 10 ಸೆಂಟಿಮೀಟರ್ ನೀರಿನಷ್ಟು ತಡೆ ಇದ್ದರೆ ನಷ್ಟ ಶೇಕಡಾ 1. ಬಿಸಿಯ ಲೆಕ್ಕವೂ ಸುಲಭ: ಸುಮಾರು 3 ಡಿಗ್ರಿಗೆ ಶೇಕಡಾ 1.

ಅಂಗಡಿಯಿಂದ ನಾಲ್ಕು ಮೀಟರ್ ಪಾರದರ್ಶಕ ಪೈಪು ತಂದೆವು. ನಮ್ಮ ಮೇಸ್ತ್ರಿಗಳು ಮಟ್ಟ ನೋಡುತ್ತಾರಲ್ಲ, ಅಂಥದ್ದು. ಅದನ್ನು ಒಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ಆದ ಮೇಲಿನ ಪೈಪಿಗೆ ಸೇರಿಸಿದೆವು. ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸವೇ ತಡೆ. ಯು ಕಾಲು ಒಂದು ಮೀಟರ್ ಉದ್ದ ಇರಲಿ, ನಡುವೆ ಒಂದು ಖಾಲಿ ಬಾಟಲಿ ಸೇರಿಸಿ. ಇಲ್ಲವಾದರೆ ಇಂಜಿನ್ ನೀರು ಕುಡಿದೀತು. ಗಾಳಿಯ ಬಿಸಿಗೆ ಅಡುಗೆಮನೆಯ ವಯರಿನ ಥರ್ಮಾಮೀಟರ್.

ಅವನು ಬಿಟ್ಟ, ನಾನು ಪಕ್ಕದಲ್ಲಿ ಹಲಗೆ ಹಿಡಿದು ಕೂತೆ. ಹೊರಗೆ 38 ಡಿಗ್ರಿ ಸೆಕೆ.

ಹಳೆಯ ಕೊಳಕು ಕಾಗದದ ಫಿಲ್ಟರಿನಲ್ಲಿ ಪೂರ್ತಿ ಒತ್ತಿದಾಗ 37 ಸೆಂ.ಮೀ. ಅದೇ ಡಬ್ಬಕ್ಕೆ ಹೊಸ ಕಾಗದದ ಫಿಲ್ಟರ್ ಹಾಕಿದಾಗ 24. ಓಡುವಾಗ ಒಳಗೆ ಹೋಗುವ ಗಾಳಿ 42 ಡಿಗ್ರಿ. ಆಮೇಲೆ ಕೋನದ ಫಿಲ್ಟರ್ ಸಿಕ್ಕಿಸಿದೆವು. ತಡೆ 14ಕ್ಕೆ ಇಳಿಯಿತು. ಹುಡುಗನ ಮುಖ ಅರಳಿತು. ಥರ್ಮಾಮೀಟರ್ ನೋಡಿದರೆ ಓಡುವಾಗ 48, ಸಿಗ್ನಲ್ಲಿನಲ್ಲಿ ಮೂರು ನಿಮಿಷ ನಿಂತಾಗ 66! ತಗಡಿನ ಅಡ್ಡಕ್ಕೂ ಬಾನೆಟ್ಟಿಗೂ ನಡುವೆ ಎರಡು ಬೆರಳು ಸಂದು. ರೇಡಿಯೇಟರಿನ ಬಿಸಿಗಾಳಿಯೆಲ್ಲ ಅದರೊಳಗೆ.

ಈಗ ಲೆಕ್ಕ ಹಾಕಿ. ತಡೆಯಲ್ಲಿ 10 ಸೆಂ.ಮೀ. ಉಳಿದದ್ದರಿಂದ ಶೇಕಡಾ 1 ಲಾಭ. 6 ಡಿಗ್ರಿ ಬಿಸಿಯಿಂದ ಶೇಕಡಾ 2 ನಷ್ಟ. ಹೆಸರು ಮಾತ್ರ ತಣ್ಣನೆ ಗಾಳಿ. ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ 44ಕ್ಕೆ ಇಳಿದು, ಲಾಭ ನಷ್ಟ ಸರಿಸಮ ಆಯಿತು.

ಹದಿನೈದು ಹಾರ್ಸ್‌ಪವರ್ ಎಂದರೆ ಶೇಕಡಾ 9. ತಡೆಯಿಂದಲೇ ಅದು ಬರಬೇಕಾದರೆ 90 ಸೆಂ.ಮೀ. ಉಳಿಸಬೇಕು. ಇರುವುದೇ 24! ಫಿಲ್ಟರನ್ನೇ ಕಿತ್ತೆಸೆದರೂ ಸಿಗುವುದು ಶೇಕಡಾ ಎರಡೂವರೆ. ಇನ್ನು ಬಿಸಿ: ಹೊರಗಿನ ಗಾಳಿಗಿಂತ ತಣ್ಣಗಿನ ಗಾಳಿ ಯಾವ ಪೈಪಿನಿಂದಲೂ ಬಾರದು, ಕಂಪನಿಯ ಡಬ್ಬ ಆಗಲೇ ಅದರ ನಾಲ್ಕು ಡಿಗ್ರಿ ಹತ್ತಿರ ಇದೆ. ಎಲ್ಲ ಸೇರಿಸಿದರೂ ಆರೇಳು ಹಾರ್ಸ್‌ಪವರ್ ದಾಟುವುದಿಲ್ಲ, ಅದೂ ಕನಸಿನ ಲೆಕ್ಕದಲ್ಲಿ. ಹಳೆ ಕಾಗದ ತೆಗೆದು ಹೊಸ ಕಾಗದ ಹಾಕಿದ್ದರಲ್ಲಿ ಉಳಿದ 13 ಸೆಂ.ಮೀ. ಕೋನದ ಫಿಲ್ಟರ್ ಕೊಟ್ಟದ್ದಕ್ಕಿಂತ ಹೆಚ್ಚು. ಅದರ ಬೆಲೆ ಇಪ್ಪತ್ತು ಡಾಲರಿನೊಳಗೆ.

“ಆದ್ರೆ ಮಾವ, ಅಂಗಡಿಯಲ್ಲಿ ಡೈನೋ ಮೇಲೆ ನಿಲ್ಲಿಸಿ ತೋರಿಸ್ತಾರಲ್ಲ?” ಎಂದ. ತೋರಿಸುತ್ತಾರೆ. ಬಾನೆಟ್ ತೆರೆದಿಟ್ಟು, ಎದುರಿಗೆ ದೊಡ್ಡ ಫ್ಯಾನ್ ಇಟ್ಟು. ತೆರೆದ ಫಿಲ್ಟರಿಗೆ ಅದಕ್ಕಿಂತ ಸುಖ ಬೇರೆ ಇಲ್ಲ. ದಾರಿಯಲ್ಲಿ ಬಾನೆಟ್ ತೆರೆದು ಓಡಿಸುವವರುಂಟೇ? ಮೇಲಾಗಿ ಸದ್ದು. ಡಬ್ಬ ತೆಗೆದ ಕೂಡಲೆ ಬ್ಲೋವರಿನ ಕೀರಲು ಕಿವಿಗೆ ಬಡಿಯುತ್ತದೆ, ಕಾರು ಹಾರಿದ ಹಾಗೆ ಅನಿಸುತ್ತದೆ. ಟಿಲ್ಲರಿನ ಸೈಲೆನ್ಸರ್ ತೂತಾದಾಗ ನಮ್ಮ ಆಳುಗಳೂ “ಈಗ ಒಳ್ಳೆ ಎಳೀತದೆ” ಎನ್ನುತ್ತಾರೆ.

ಉಪಯೋಗವೇ ಇಲ್ಲವೆಂದು ಹೇಳುತ್ತಿಲ್ಲ. ಬ್ಲೋವರಿಗೆ ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸುವವರಿದ್ದಾರೆ. ಆಗ ಗಾಳಿ ಹೆಚ್ಚುತ್ತದೆ. ಪೈಪಿನಲ್ಲಿ ನೀರು ಇಮ್ಮಡಿಯಾದರೆ ತಿಕ್ಕಾಟದ ನಷ್ಟ ನಾಲ್ಕು ಪಟ್ಟಾಗುವುದು ಸ್ಪ್ರಿಂಕ್ಲರ್ ಹಾಕಿದವರಿಗೆ ಗೊತ್ತು, ಗಾಳಿಗೂ ಅದೇ. ಅಂಥ ಇಂಜಿನ್ನಿಗೆ ಕಂಪನಿಯ ಡಬ್ಬ ಬಿಗಿಯಾಗುತ್ತದೆ, ದೊಡ್ಡ ದಾರಿ ಬೇಕು. ಆಗಲೂ ಹೊರಗಿನ ಗಾಳಿಯನ್ನೇ ತರುವ, ಸಂದಿಲ್ಲದ ಡಬ್ಬ ಇರಬೇಕು.

ನನ್ನ ಜೀಪಿನ ಕಥೆ

2008ರಲ್ಲಿ ನನ್ನ ಡೀಸೆಲ್ ಜೀಪಿಗೆ ಪೇಟೆಯ ವರ್ಕ್‌ಶಾಪಿನಲ್ಲಿ ಇಂಥದ್ದೇ ಒಂದು ತೆರೆದ ಫಿಲ್ಟರ್ ಹಾಕಿಸಿಕೊಂಡಿದ್ದೆ. ಎಣ್ಣೆ ತುಂಬುವ ಹಳೆಯ ಏರ್‌ಕ್ಲೀನರನ್ನು ಗುಜರಿಗೆ ಕೊಟ್ಟೆ. “ಮೈಲೇಜೂ ಬರ್ತದೆ, ಪಿಕಪ್ಪೂ ಬರ್ತದೆ ಭಟ್ರೇ” ಎಂದಿದ್ದರು. ನಮ್ಮ ಮನೆಗೆ ಮುಖ್ಯ ರಸ್ತೆಯಿಂದ ಮೂರು ಕಿಲೋಮೀಟರ್ ಮುರಕಲ್ಲಿನ ಮಣ್ಣು ದಾರಿ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಎಂಜಿನ್ ಎಣ್ಣೆ ಕುಡಿಯತೊಡಗಿತು, ನೀಲಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚಿ ನೋಡಿದರೆ ಸಿಲಿಂಡರ್ ಸವೆದು ಮೇಲೆ ಮೆಟ್ಟಿಲು ಕಟ್ಟಿದೆ. ಫಿಲ್ಟರಿನ ಆಚೆಗಿನ ಪೈಪಿನೊಳಗೆ ಬೆರಳಾಡಿಸಿದಾಗ ಬೆರಳು ಕೆಂಪಾಯಿತು. ಬೋರಿಂಗ್, ಪಿಸ್ಟನ್, ರಿಂಗು ಎಲ್ಲ ಸೇರಿ 22 ಸಾವಿರ. ಮಗಳ ಕಾಲೇಜು ಫೀಸಿಗೆಂದು ಅಡಿಕೆ ಮಾರಿದ ದುಡ್ಡು ಅದು. ಫೀಸು ಕಟ್ಟಲು ಸೊಸೈಟಿಯಲ್ಲಿ ಸಾಲ ಮಾಡಿದೆ.

ಡೀಸೆಲ್ ಇಂಜಿನ್ನಿಗಂತೂ ಗಾಳಿ ಹೆಚ್ಚು ಕೊಟ್ಟ ಮಾತ್ರಕ್ಕೆ ಪವರ್ ಬರುವುದಿಲ್ಲ. ಅದು ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಗಾಳಿ ಎಳೆಯುತ್ತದೆ, ಪವರ್ ನಿರ್ಧರಿಸುವುದು ಪಂಪು ಬಿಡುವ ಡೀಸೆಲ್. ಗಾಳಿ ಸಾಲದಿದ್ದರೆ ಮಾತ್ರ ಕಪ್ಪು ಹೊಗೆ. ಇದು ಆಗ ನನಗೆ ಗೊತ್ತಿರಲಿಲ್ಲ.

ಕಾಗದದ ಫಿಲ್ಟರಿನ ಇನ್ನೊಂದು ಗುಣ: ಸ್ವಲ್ಪ ಧೂಳು ಕೂತ ಮೇಲೆ ಅದು ಇನ್ನೂ ನುಣ್ಣಗೆ ಸೋಸುತ್ತದೆ. ದಿನಾ ತೆಗೆದು ಬಡಿಯುವುದು, ಕಂಪ್ರೆಸರ್ ಗಾಳಿಯನ್ನು ಹತ್ತಿರ ಹಿಡಿದು ಬಿಡುವುದು ಎರಡೂ ಬೇಡ, ಕಾಗದ ಹರಿಯುತ್ತದೆ. ತಡೆ ಅಳೆದು ಬದಲಿಸಿ. ದೊಡ್ಡ ಡೀಸೆಲ್ ಇಂಜಿನುಗಳಿಗೆ ಸಾಮಾನ್ಯವಾಗಿ 60 ಸೆಂ.ಮೀ. ನೀರಿನ ಆಸುಪಾಸು ಮಿತಿ. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿದ್ದರೆ ಅದನ್ನೇ ಹಿಡಿಯಿರಿ. ಹೋಸ್‌ಪೈಪಿನ ಕ್ಲಾಂಪು ಸಡಿಲವಾಗಿದ್ದರೆ ಎಷ್ಟು ಒಳ್ಳೆಯ ಫಿಲ್ಟರಿದ್ದರೂ ವ್ಯರ್ಥ, ಧೂಳು ಅಡ್ಡದಾರಿಯಿಂದ ಹೋಗುತ್ತದೆ.

ಹುಡುಗ ಫ್ರೆಂಡಿನ ಪೆಟ್ಟಿಗೆ ವಾಪಸು ಕೊಟ್ಟ. “ಸೌಂಡ್ ಮಾತ್ರ ಚಂದ ಇತ್ತು ಮಾವ” ಎಂದು ಎರಡು ದಿನ ಹೇಳುತ್ತಿದ್ದ. ಲೆವೆಲ್ ಪೈಪನ್ನು ನಾನು ಸುರುಳಿ ಸುತ್ತಿ ಊರಿಗೆ ತಂದೆ. ಮೊನ್ನೆ ಜೀಪಿಗೆ ಹಚ್ಚಿ ನೋಡಿದರೆ 41 ಬಂತು. ಈ ಬೇಸಿಗೆ ಕಳೆದು ಮತ್ತೊಮ್ಮೆ ನೋಡಬೇಕು.