ಬಿಡುವಿನ ಒಡೆತನ

ಮನುಷ್ಯನು ತನ್ನ ಹೊತ್ತನ್ನು ಹೇಗೆ ಕಳೆಯುತ್ತಾನೆಂಬುದು ಅವನ ಅಭಿರುಚಿಗೆ ಸೇರಿದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಆ ಹೊತ್ತು ಯಾರ ವಶದಲ್ಲಿದೆಯೆಂದು ಮೊದಲು ವಿಚಾರಿಸದೆ ಅಭಿರುಚಿಯ ಮಾತನ್ನಾಡುವುದು ಯುಕ್ತವಲ್ಲ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಗಿರಣಿ ಹಾಗೂ ಮನೆ ಎಂಬ ಎರಡು ನೆಲೆಗಳಲ್ಲಿ ಪರಿಶೀಲಿಸುತ್ತೇವೆ.

ಕೋಳಿ ಕೂಗುವ ಹೊತ್ತು, ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು ಎಂಬ ಪ್ರಯೋಗಗಳು ನಮ್ಮ ಆಡುಮಾತಿನಲ್ಲುಂಟು. ಇಲ್ಲಿ ಕೆಲಸವೇ ಕಾಲದ ಅಳತೆ. ಇಂಥ ಕಾಲಗಣನೆಗೂ ಗಡಿಯಾರದ ಶಿಸ್ತಿಗೂ ಇರುವ ಭೇದವನ್ನು ಇಂಗ್ಲೆಂಡಿನ ಇತಿಹಾಸಕಾರ ಇ. ಪಿ. ಥಾಂಪ್ಸನ್ನರು 1967ರ ತಮ್ಮ ಪ್ರಬಂಧದಲ್ಲಿ ವಿವೇಚಿಸಿದರು. ಆದರೂ ಹಿಂದಿನ ದುಡಿಮೆಗಾರನು ತನ್ನ ಕಾಲಕ್ಕೆ ತಾನೇ ಒಡೆಯನಾಗಿದ್ದನೆಂದು ಬಗೆಯಲಾಗದು. ಬಿಟ್ಟಿಗೂ ಜೀತಕ್ಕೂ ಸಿಕ್ಕಿದವನ ದಿನವು ಧಣಿಯ ಕರೆಗೆ ಮೀಸಲಾಗಿತ್ತು. ಗಿರಣಿಯು ತಂದ ಹೊಸತೆಂದರೆ, ಕಾಲವನ್ನು ಗಂಟೆಯ ಲೆಕ್ಕದಲ್ಲಿ ಕೊಳ್ಳುವ ಪದ್ಧತಿ.

ಮುಂಬಯಿಯ ಮೊದಲ ಹತ್ತಿಗಿರಣಿಯು 1856ರಲ್ಲಿ ಕೆಲಸವನ್ನಾರಂಭಿಸಿತು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಸುವುದು ವಾಡಿಕೆಯಾಗಿತ್ತು. ವಿದ್ಯುದ್ದೀಪ ಬಂದ ಮೇಲೆ ಆ ಮೇರೆಯೂ ಅಳಿಯಿತು. 1881ರ ಕಾಯಿದೆಯು ಮಕ್ಕಳ ದುಡಿಮೆಗೆ ಮಾತ್ರ ದಿನಕ್ಕೆ 9 ಗಂಟೆಗಳ ಮಿತಿಯನ್ನು ಹಾಕಿತು. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ 1890ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರಿಗೆ ವಾರದ ರಜೆ ದೊರೆಯಿತು. ವಯಸ್ಕ ಪುರುಷರಿಗೆ ಬಟ್ಟೆಗಿರಣಿಗಳಲ್ಲಿ 12 ಗಂಟೆಗಳ ಮಿತಿ ಬಂದುದು 1911ರಲ್ಲಿ. 1922ರಲ್ಲಿ ಅದು ದಿನಕ್ಕೆ 11, ವಾರಕ್ಕೆ 60 ಗಂಟೆಗಳಿಗೆ ಇಳಿಯಿತು. 1948ರ ಕಾಯಿದೆಯಲ್ಲಿ 9 ಮತ್ತು 48 ಆಯಿತು. ಈ ಇಳಿಕೆಯು ಯಂತ್ರದ ಕೊಡುಗೆಯಲ್ಲ. ಕಾರ್ಮಿಕರ ಒಗ್ಗಟ್ಟು, ಲ್ಯಾಂಕಾಶೈರಿನ ಉದ್ಯಮಿಗಳ ಪೈಪೋಟಿ, ಸರಕಾರದ ಕಾಯಿದೆ ಇವುಗಳ ಬಲಾಬಲಗಳಿಂದ ಅದು ಸಾಧ್ಯವಾಯಿತು. ಆದುದರಿಂದಲೇ ಅದು ಶಾಶ್ವತವೂ ಅಲ್ಲ: 2023ರಲ್ಲಿ ಕರ್ನಾಟಕದ ತಿದ್ದುಪಡಿಯು ವಾರಕ್ಕೆ 48 ಗಂಟೆಗಳ ಮೇರೆಯೊಳಗೆ ದಿನಕ್ಕೆ 12 ಗಂಟೆಗಳವರೆಗಿನ ದುಡಿಮೆಗೆ ಎಡೆಮಾಡಿಕೊಟ್ಟಿತು.

ಕಾಯಿದೆಯ ಗಡಿಯಾರವು ಗಿರಣಿಯ ಬಾಗಿಲಲ್ಲೇ ನಿಲ್ಲುತ್ತದೆ. ಮನೆಯೊಳಗಿನ ಹೊತ್ತನ್ನು ಅಳೆಯಲು ಭಾರತ ಸರಕಾರವು ರಾಷ್ಟ್ರಮಟ್ಟದ ಕಾಲಬಳಕೆಯ ಸಮೀಕ್ಷೆಯನ್ನು 2019ರಲ್ಲಿ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರೆಂದು ಅದರಿಂದ ತಿಳಿಯಿತು. ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಇವು ಆ ಕೆಲಸವನ್ನು ಮಾಡಿದವರ ಸರಾಸರಿ ಮಾತ್ರ. ಆರು ವರ್ಷ ಮೀರಿದ ಹೆಂಗಸರಲ್ಲಿ ಶೇಕಡ 81.2, ಗಂಡಸರಲ್ಲಿ ಶೇಕಡ 26.1 ಮಂದಿ ಅದನ್ನು ಮಾಡಿದ್ದರು. ಮಾಡದವರನ್ನೂ ಸೇರಿಸಿ ಲೆಕ್ಕಹಾಕಿದರೆ ಸರಾಸರಿಯು ಕ್ರಮವಾಗಿ 243 ಮತ್ತು 25 ನಿಮಿಷಗಳಾಗುತ್ತದೆ. ಮೂರರಷ್ಟೆಂದು ಕಂಡ ಅಂತರವು ಹತ್ತರಷ್ಟಕ್ಕೆ ಸಮೀಪಿಸುತ್ತದೆ. 2024ರ ಸಮೀಕ್ಷೆಯಲ್ಲಿ ಮಾಡಿದವರ ಸರಾಸರಿಯು 289 ಮತ್ತು 88 ನಿಮಿಷಗಳಿದ್ದವು. ಇಬ್ಬರ ಹೊತ್ತೂ ತುಸು ತಗ್ಗಿತೇ ಹೊರತು ನಡುವಿನ ಅಂತರ ಕುಗ್ಗಲಿಲ್ಲ.

ಗಿರಣಿಯ ದುಡಿಮೆಗೆ ಮಿತಿ ಹಾಕಲು ಸಂಘವಿತ್ತು, ಕಾಯಿದೆಯಿತ್ತು. ಮನೆಗೆಲಸಕ್ಕೆ ಇವೆರಡೂ ಇಲ್ಲ. ಹೀಗಾಗಿ ಬಿಡುವೆಂಬುದು ದುಡಿಮೆ ಮುಗಿದ ಮೇಲೆ ತಾನಾಗಿ ಉಳಿಯುವ ಶೇಷವಲ್ಲ, ಅಧಿಕಾರದ ಹಂಚಿಕೆಯ ಫಲವೆಂದು ನಾವು ತಿಳಿಯುತ್ತೇವೆ. ವಿದ್ಯಾರ್ಥಿನಿಯು ಸಂಜೆ ಎಷ್ಟು ಓದಿದಳೆಂದು ಕೇಳುವ ಅಧ್ಯಾಪಕರು, ಆ ಸಂಜೆ ಅವಳದಾಗಿತ್ತೇ ಎಂಬುದನ್ನು ಮೊದಲು ವಿಚಾರಿಸುವುದು ಉಚಿತ.